ಕಡ್ಡಿಯ ಮೇಲಿನ ಹಿಮ

ರಾಜಾನುಕುಂಟೆ
ಬುಧವಾರ, 19 ನವೆಂಬರ್ 2025

ಅಪ್ಪಾ,

ಒಳಗೆ ಬಂದು ಇವತ್ತಿಗೆ ಮೂರು ದಿನ. ಫೋನಿಲ್ಲ, ಕಿಟಕಿಯಿಲ್ಲ, ಇನ್ನು ಐವತ್ತೇಳು ದಿನ ಹೀಗೆಯೇ. ಬುಧವಾರಕ್ಕೊಮ್ಮೆ ಗೋಡೆಯಲ್ಲಿರುವ ಸಣ್ಣ ಬಾಗಿಲಲ್ಲಿ ಕಾಗದ ಇಟ್ಟರೆ ಆ ಕಡೆಯವರು ಅದನ್ನು ತೆಗೆದುಕೊಂಡು, ನಮಗೆ ಬಂದದ್ದನ್ನು ಇಡುತ್ತಾರೆ. ಲಕೋಟೆ ಒಡೆಯುವುದಿಲ್ಲವಂತೆ. ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ನಾವು ನಾಲ್ಕು ಜನ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವ ಹಾಗೆಯೇ ಇರಬೇಕು. ಕುಡಿದ ನೀರು ಅಳೆಯುತ್ತಾರೆ, ಮಲಗಿದ ಗಂಟೆ ಅಳೆಯುತ್ತಾರೆ. ಜಾಗ ಎಷ್ಟಿದೆ ಅಂದರೆ ನಮ್ಮ ಚಿಕ್ಕಬಾಣಾವರದ ಮನೆಯ ಹಾಲಿನಂಥದ್ದು ಎರಡು. ಅಬ್ರಾರ್ ಅಂತ ಒಬ್ಬನಿದ್ದಾನೆ, ಏರ್‌ಫೋರ್ಸಿನವನು. ಮೊದಲ ದಿನವೇ "ಗುರು, ಯಶವಂತಪುರದಲ್ಲಿ ಇದಕ್ಕಿಂತ ಚಿಕ್ ರೂಮಲ್ಲಿ ಆರು ಜನ ಇದ್ವಿ, ಬಾಡಿಗೆ ಬೇರೆ ಕೊಟ್ಕೊಂಡು" ಅಂದ.

ನನಗೆ ನೆನಪಾದದ್ದು ಬೇರೆ. ಹದಿಮೂರನೇ ವಯಸ್ಸಿನಲ್ಲಿ ನಾನು ದೊಡ್ಡವಳಾದಾಗ ಮಾವ ಹಿತ್ತಲಲ್ಲಿ ತೆಂಗಿನ ಗರಿಯ ಗುಡ್ಲು ಹಾಕಿ ಕೂರಿಸಿದ್ದರಲ್ಲ, ಒಂಬತ್ತು ದಿನ. ಆಗಲೂ ಹೀಗೆಯೇ ಊಟ ಒಳಗೆ ಬರುತ್ತಿತ್ತು, ನಾನು ಹೊರಗೆ ಹೋಗುವ ಹಾಗಿರಲಿಲ್ಲ. ನೀನು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದರೂ ಹಿತ್ತಲ ಕಡೆ ತಲೆ ಹಾಕಲಿಲ್ಲ. ನೆಂಟರಿಗೆ ಕುರ್ಚಿ ಹಾಕುತ್ತಾ, ತೆಗೆಯುತ್ತಾ ಓಡಾಡುತ್ತಿದ್ದೆ. ನಾನು ಗರಿಗಳ ಸಂದಿಯಿಂದ ನೋಡುತ್ತಿದ್ದೆ.

ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ. ಎದುರಿಗಿದ್ದಾಗ ಬಾಯಿ ಬರಲಿಲ್ಲ. ಅಮ್ಮ ಇದ್ದಿದ್ದರೆ ಅವಳಿಗೆ ಹೇಳಿ, ಅವಳು ನಿನಗೆ ಹೇಳಿ, ನಿನ್ನ ಉತ್ತರ ಅವಳಿಂದ ನನಗೆ ಬರುತ್ತಿತ್ತು. ಅವಳು ಹೋಗಿ ಮೂರು ವರ್ಷದಲ್ಲಿ ನಾವಿಬ್ಬರೂ ಊಟ ಆಯ್ತಾ, ಗ್ಯಾಸ್ ಬಂತಾ ಅನ್ನುವುದರ ಆಚೆ ದಾಟಿಲ್ಲ.

ಆರು ತಿಂಗಳ ಬಾಹ್ಯಾಕಾಶ ಪ್ರಯಾಣಕ್ಕೆ ನನ್ನ ಹೆಸರಿದೆ ಅಂತ ನಿನಗೆ ಗೊತ್ತು. ಅಲ್ಲಿಗೆ ಹೋಗಿ ಬಂದ ಮೇಲೆ ಮಕ್ಕಳಾಗುವ ವಿಷಯ ಏನು ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ಅದಕ್ಕೆ ಹೋಗುವ ಮೊದಲೇ ಅಂಡಗಳನ್ನು ತೆಗೆದು ಶೀತದಲ್ಲಿ ಇಡಬಹುದು ಅಂತ ನಮ್ಮ ಡಾಕ್ಟರ್ ರಮಾ ಹೇಳಿದ್ದಾರೆ. ಜನವರಿ ಮುಗಿಯುವುದರೊಳಗೆ ಹೇಳಬೇಕು. ನೀನು ಮೂವತ್ತು ವರ್ಷ ಹಾಗೆ ಶೀತದಲ್ಲಿಟ್ಟದ್ದನ್ನೇ ದನಗಳಿಗೆ ಹಾಕಿ ಕರು ಹುಟ್ಟಿಸಿದವನು. ಅದು ನಿಜವಾಗಿ ಉಳಿಯುತ್ತದಾ ಅಪ್ಪಾ?

ನಿನ್ನ ಮಗಳು
ಶಾಂತಲಾ


ಚಿಕ್ಕಬಾಣಾವರ
25 ನವೆಂಬರ್ 2025

ಮಗಳು ಶಾಂತಲಾಳಿಗೆ,

ಕಾಗದ ತಲುಪಿತು. ಇಲ್ಲಿ ಬೆಳಿಗ್ಗೆ ಚಳಿ ಶುರುವಾಗಿದೆ. ಓವರ್‌ಹೆಡ್ ಟ್ಯಾಂಕಿನ ಪೈಪು ಸೋರುತ್ತಿತ್ತು, ಸರಿ ಮಾಡಿಸಿದೆ. ಪಕ್ಕದ ಮನೆಯ ದ್ರೌಪದಮ್ಮ ದಿನಾ ನಿನ್ನನ್ನು ಕೇಳುತ್ತಾರೆ. ಟ್ರೈನಿಂಗಿಗೆ ಹೋಗಿದ್ದಾಳೆ ಅಂದೆ. "ಮೂವತ್ಮೂರಾದ್ರೂ ಇನ್ನೂ ಏನ್ ಓದಿಸ್ತೀರ ಮಾರಾಯ್ರೇ ಆ ಮಗೀನ" ಅಂದರು. ನಕ್ಕೆ.

ಕಾಗದವನ್ನು ಅಂಚೆಗೆ ಹಾಕುವ ಬದಲು ನಾನೇ ಬಂದು ಗೇಟಿನಲ್ಲಿ ಕೊಡುತ್ತೇನೆ. ಯಲಹಂಕದವರೆಗೆ ಒಂದು ಬಸ್ಸು, ಅಲ್ಲಿಂದ ದೊಡ್ಡಬಳ್ಳಾಪುರದ ಬಸ್ಸು. ಆ ರಸ್ತೆಯಲ್ಲಿ ಕ್ಯಾನು ಕಟ್ಟಿಕೊಂಡು ಲೂನಾದಲ್ಲಿ ಓಡಾಡಿದವನು ನಾನು. ಯಾವ ಮನೆಯಲ್ಲಿ ಎಷ್ಟು ಹಸು ಅಂತ ಬಾಯಿಪಾಠ ಇತ್ತು. ಈಗ ಎಲ್ಲ ಲೇಔಟು. ಗುರುತಿಗೆ ಒಂದು ಹುಣಸೆಮರ ಉಳಿದಿದೆ. ಹೋದ ವಾರ ಗೇಟು ನೋಡಿಕೊಂಡು ಹೋಗಲು ಬಂದಿದ್ದೆ. ಸೆಕ್ಯುರಿಟಿಯವನು "ಏನ್ ಯಜಮಾನ್ರೇ, ಕೊರಿಯರ್ರಾ?" ಅಂದ. "ಅಲ್ಲಪ್ಪ, ಒಳಗಿರೋ ಹುಡುಗಿಯ ಅಪ್ಪ" ಅಂದೆ. ಕುರ್ಚಿ ಕೊಟ್ಟ.

ನೀನು ಕೇಳಿದ ವಿಷಯ ಡಾಕ್ಟರರಿಗೆ ಚೆನ್ನಾಗಿ ತಿಳಿದಿರುತ್ತದೆ. ನಾನು ದನದ ಕೆಲಸ ಮಾಡಿದವನು.

ಸರಿಯಾಗಿ ಊಟ ಮಾಡು.

ಅಪ್ಪ
ಮುನಿವೆಂಕಟಯ್ಯ


ರಾಜಾನುಕುಂಟೆ
3 ಡಿಸೆಂಬರ್ 2025

ಅಪ್ಪಾ,

ನೀನು ಗೇಟಿನವರೆಗೆ ಬರುತ್ತೀಯ ಅಂತ ತಿಳಿದ ಮೇಲೆ ಬುಧವಾರ ಬೆಳಿಗ್ಗೆ ಆ ಕಡೆಯ ಗೋಡೆಗೆ ಕುರ್ಚಿ ಹಾಕಿಕೊಂಡು ಓದುತ್ತಿದ್ದೇನೆ. ನೂರು ಮೀಟರ್ ದೂರವೂ ಇರಲಾರದು.

ಪೈಪು, ಬಸ್ಸು, ಹುಣಸೆಮರದ ಬಗ್ಗೆ ಒಂದು ಪುಟ, ನಾನು ಕೇಳಿದ್ದಕ್ಕೆ ಎರಡು ಸಾಲು. ನಿನಗೆ ನಾಚಿಕೆ ಅಂತ ಗೊತ್ತು. ನನಗೇನು ಕಮ್ಮಿಯಿಲ್ಲ. ಆದರೆ ಎಲ್ಲವನ್ನೂ ಒಂದು ಸಲ ಬರೆದುಬಿಡುತ್ತೇನೆ, ಓದುವಾಗ ನಿನ್ನನ್ನು ನೋಡುವವರು ಯಾರೂ ಇರುವುದಿಲ್ಲ.

ಈವರೆಗೆ ಬಾಹ್ಯಾಕಾಶಕ್ಕೆ ಹೋದ ಹೆಂಗಸರು ನೂರರ ಸುಮಾರು. ತೂಕವಿಲ್ಲದ ಕಡೆ ಮೂಳೆ ಸವೆಯುತ್ತದೆ, ಕಣ್ಣು ಮಂಜಾಗಬಹುದು, ಅದೆಲ್ಲ ಅಳೆದು ಬರೆದಿದ್ದಾರೆ. ಗರ್ಭಕೋಶದ ವಿಷಯಕ್ಕೆ ಬಂದರೆ ಪುಟಗಳು ತೀರಾ ಕಮ್ಮಿ. ತಿಂಗಳಿನದು ಅಲ್ಲೂ ಇಲ್ಲಿಯ ಹಾಗೆಯೇ ಆಗುತ್ತದಂತೆ. ಆದರೆ ಹೆಚ್ಚಿನವರು ಮಾತ್ರೆ ತೆಗೆದುಕೊಂಡು ನಿಲ್ಲಿಸಿಕೊಳ್ಳುತ್ತಾರೆ, ಅಲ್ಲಿ ನೀರೂ ಜಾಗವೂ ಲೆಕ್ಕದ್ದು. ದೊಡ್ಡ ಚಿಂತೆ ವಿಕಿರಣದ್ದು. ಭೂಮಿಯ ಮೇಲೆ ನಮ್ಮನ್ನು ಗಾಳಿಯ ಹೊದಿಕೆ ಕಾಯುತ್ತದೆ, ಅಲ್ಲಿ ಅದಿಲ್ಲ. ಇಲಿಗಳಿಗೆ ಅಂಥ ವಿಕಿರಣ ಕೊಟ್ಟು ನೋಡಿದಾಗ ಅಂಡಗಳು ಬೇಗ ಖಾಲಿಯಾಗಿವೆ. ಹೆಣ್ಣು ಹುಟ್ಟುವಾಗಲೇ ಅವಳ ಪಾಲಿನ ಅಂಡಗಳೆಲ್ಲ ಒಳಗಿರುತ್ತವೆ, ಆಮೇಲೆ ಹೊಸದು ಬರುವುದಿಲ್ಲ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಹೋಗಿ ಬಂದ ಮೇಲೆ ಮಕ್ಕಳನ್ನು ಹೆತ್ತವರು ಇದ್ದಾರೆ. ಆಗದವರೂ ಇದ್ದಾರೆ. ಆದರೆ ಅವರು ಹೋಗಿ ಬರುವಷ್ಟರಲ್ಲಿ ನಲವತ್ತರ ಹತ್ತಿರ ಇರುತ್ತಾರೆ, ಹಾಗಾಗಿ ಕಾರಣ ಆಕಾಶವೋ ವಯಸ್ಸೋ ಹೇಳುವುದಕ್ಕೆ ಬರುವುದಿಲ್ಲ ಅಂತ ಡಾಕ್ಟರ್ ರಮಾ ಅನ್ನುತ್ತಾರೆ. ನಾನು ಮೇಲೆ ಹೋಗುವುದು ಎರಡು ವರ್ಷದ ಮೇಲೆ, ಮೂವತ್ತೈದಕ್ಕೆ.

ಗಂಡಸರಿಗೂ ತೊಂದರೆ ಆಗಬಹುದಂತೆ, ಅವರಿಗೂ ತೆಗೆದಿಡಿ ಅಂದಿದ್ದಾರೆ. ಅಬ್ರಾರ್ "ನಮ್ದೇನ್ ಬಿಡಿ ಡಾಕ್ಟ್ರೇ, ಕಪ್ ಕೊಟ್ರೆ ಐದ್ ನಿಮಿಷ" ಅಂದು, ನಾನು ಅಲ್ಲೇ ಇದ್ದದ್ದು ನೋಡಿ ಕಿವಿವರೆಗೂ ಕೆಂಪಾದ. ನನ್ನದು ಅಷ್ಟು ಸುಲಭವಲ್ಲ. ಹತ್ತು ಹನ್ನೊಂದು ದಿನ ಇಂಜೆಕ್ಷನ್, ಆಮೇಲೆ ಅರಿವಳಿಕೆ ಕೊಟ್ಟು ತೆಗೆಯಬೇಕು.

ನನಗೆ ಮಗು ಬೇಕೋ ಬೇಡವೋ ಇನ್ನೂ ಗೊತ್ತಿಲ್ಲ ಅಪ್ಪಾ. ಮದುವೆಯೇ ಗೊತ್ತಿಲ್ಲ. ಆದರೆ ಬೇಡ ಅನ್ನುವುದಾದರೆ ಅದನ್ನು ಅನ್ನುವವಳು ನಾನಾಗಿರಬೇಕು, ನನ್ನ ಕೈಮೀರಿದ ಯಾವುದೋ ಅಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಶೀತದಲ್ಲಿಟ್ಟದ್ದು ಉಳಿಯುತ್ತದೆ ಅನ್ನುವ ನಂಬಿಕೆ ಬಂದರೆ ಹೋಗುತ್ತೇನೆ. ಬಾರದಿದ್ದರೆ ಜನವರಿಯಲ್ಲಿ ಪಟ್ಟಿಯಿಂದ ಹೆಸರು ತೆಗೆಸಿಬಿಡುತ್ತೇನೆ. ಡಾಕ್ಟರರು ಶೇಕಡಾ ಇಷ್ಟು ಅನ್ನುತ್ತಾರೆ. ಕೈಯಲ್ಲಿ ಹಿಡಿದವರು ಯಾರಾದರೂ ಹೇಳಲಿ ಅಂತ ನನ್ನ ಆಸೆ.

ಶಾಂತಲಾ


ಚಿಕ್ಕಬಾಣಾವರ
9 ಡಿಸೆಂಬರ್ 2025

ಶಾಂತೂ,

ನಿನ್ನ ಕಾಗದವನ್ನು ಮನೆಯಲ್ಲಿ ಓದಲಾಗಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಓದಿದೆ. ಮೂರು ರೈಲು ಹೋದವು.

ನಮ್ಮ ಕೆಲಸ ಹೇಗಿತ್ತು ಅಂತ ನೀನು ಯಾವತ್ತೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕ್ಯಾನಿನೊಳಗೆ ದ್ರವ ನೈಟ್ರೋಜನ್ ಇರುತ್ತದೆ. ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ಅದರಲ್ಲಿ ಹೋರಿಯ ಬೀಜ ತುಂಬಿದ ಸಣ್ಣ ಸ್ಟ್ರಾಗಳು ಮುಳುಗಿರುತ್ತವೆ. ನೈಟ್ರೋಜನ್ ದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಮುಚ್ಚಳ ತೆಗೆದು ಒಂದು ಅಳತೆ ಕಡ್ಡಿ ಇಳಿಸಬೇಕು. ಹೊರಗೆ ತೆಗೆದು ಗಾಳಿಗೆ ಹಿಡಿದರೆ ಬಿಳಿ ಹಿಮ ಹಿಡಿಯುತ್ತದೆ. ಎಲ್ಲಿಯವರೆಗೆ ಹಿಮ ಇದೆಯೋ ಅಲ್ಲಿಯವರೆಗೆ ನೈಟ್ರೋಜನ್ ಇದೆ. ಆ ಬಿಳಿ ಗೆರೆ ನೋಡಿದ ಮೇಲೆಯೇ ನಾನು ಕಾಫಿ ಕುಡಿಯುತ್ತಿದ್ದದ್ದು. ನಿಮ್ಮಮ್ಮ ಬೈಯುತ್ತಿದ್ದಳು.

ಒಳಗೆ ಮುಳುಗಿರುವವರೆಗೂ ಅದಕ್ಕೆ ವಯಸ್ಸಾಗುವುದಿಲ್ಲ. ಹದಿನಾಲ್ಕು ವರ್ಷ ಹಳೆಯ ಸ್ಟ್ರಾ ಒಂದನ್ನು ಮಾರಸಂದ್ರದ ಕಡಸಿಗೆ ಹಾಕಿದ್ದೆ. ಆ ಬೀಜದ ಹೋರಿ ಸತ್ತು ಎಷ್ಟೋ ಕಾಲವಾಗಿತ್ತು. ಮೊದಲನೇ ಸಲಕ್ಕೇ ಗಬ್ಬ ನಿಂತಿತು, ಹೆಣ್ಣು ಕರು, ಹಣೆಯ ಮೇಲೆ ಚುಕ್ಕೆ.

ನಿನ್ನದು ಇನ್ನೂ ದೊಡ್ಡ ಜಾಗ, ದೊಡ್ಡ ಯಂತ್ರ. ನನ್ನ ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೂ ಕೆಟ್ಟಿಲ್ಲ. ಧೈರ್ಯವಾಗಿರು.

ಅಪ್ಪ


ರಾಜಾನುಕುಂಟೆ
17 ಡಿಸೆಂಬರ್ 2025

ಅಪ್ಪಾ,

ನಿನ್ನ ಕಾಗದವನ್ನು ಐದು ಸಲ ಓದಿದೆ. ಹಣೆಯ ಮೇಲೆ ಚುಕ್ಕೆ ಇದ್ದ ಕರುವಿನ ಕಥೆಯನ್ನು ಉಳಿದವರಿಗೂ ಹೇಳಿದೆ. ಊಟದ ಮೇಜಿನಲ್ಲಿ ಅಬ್ರಾರ್, "ನಿಮ್ಮಪ್ಪನ್ನ ನಮ್ ಜೊತೆ ಕಳಿಸ್ಬೇಕಿತ್ತು ಕಣ್ರೀ. ಡಾಕ್ಟ್ರು ಹೇಳಿದ್ ಒಂದೂ ತಲೆಗ್ ಹೋಗಿರ್ಲಿಲ್ಲ, ಈಗ ಹೋಯ್ತು" ಅಂದ.

ವಾರಕ್ಕೊಮ್ಮೆ ಸ್ಪೀಕರಿನಲ್ಲಿ ಡಾಕ್ಟರ್ ರಮಾ ಜೊತೆ ಮಾತಾಡಲು ಬಿಡುತ್ತಾರೆ. ತೆಗೆಸುತ್ತೇನೆ, ಹೋಗುತ್ತೇನೆ ಅಂತ ನಿನ್ನೆ ಅವರಿಗೆ ಹೇಳಿಬಿಟ್ಟೆ. ಯೋಚನೆ ಮಾಡಿ, ಇನ್ನೂ ಸಮಯ ಇದೆ ಅಂದರು. ನಮ್ಮಪ್ಪನಿಗೆ ಮೂವತ್ತು ವರ್ಷದ ಅನುಭವ ಅಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಎಂಥ ಜಂಬ ಇತ್ತು ಅಂತ ನನಗೇ ಕೇಳಿಸಿತು. ಸ್ಕೂಲಿನಲ್ಲಿ ಅಪ್ಪ ಏನು ಮಾಡುತ್ತಾರೆ ಅಂದರೆ "ಡಿಪಾರ್ಟ್‌ಮೆಂಟಲ್ಲಿದ್ದಾರೆ" ಅಂತಿದ್ದೆ. ಅದು ನಿನಗೆ ಗೊತ್ತಿತ್ತಾ?

ಇವತ್ತು ತುಂಬಾ ಹಗುರವಾಗಿದೆ.

ಶಾಂತಲಾ


ಚಿಕ್ಕಬಾಣಾವರ
23 ಡಿಸೆಂಬರ್ 2025

ಶಾಂತೂ,

ಗೊತ್ತಿತ್ತು. ಅದಕ್ಕೆ ಬೇಜಾರು ಮಾಡಿಕೊಂಡವನಲ್ಲ.

ಈ ಕಾಗದವನ್ನು ಕೂತು ಓದು. ಹೋದ ಕಾಗದದಲ್ಲಿ ನಿನಗೆ ಸುಳ್ಳು ಬರೆದಿದ್ದೇನೆ. ಕಡ್ಡಿಯದು, ಹಿಮದ್ದು, ಕರುವಿನದು ಎಲ್ಲ ನಿಜ. ನನ್ನ ಕೈಯಲ್ಲಿ ಒಂದೂ ಕೆಟ್ಟಿಲ್ಲ ಅಂದದ್ದು ಸುಳ್ಳು.

2005ರಲ್ಲಿ ನೀನು ಗುಡ್ಲಿನಲ್ಲಿ ಕೂತಿದ್ದ ಒಂಬತ್ತು ದಿನ ಕ್ಯಾನು ಪಡಸಾಲೆಯಲ್ಲಿತ್ತು. ನೆಂಟರು ಬಂದರು ಅಂತ ಯಾರೋ ಅದನ್ನು ಮೂಲೆಗೆ ಸರಿಸಿದರು, ಅದರ ಮೇಲೆ ಚಾಪೆ ಇಟ್ಟರು. ಮುಚ್ಚಳ ಓರೆಯಾಗಿತ್ತು. ರಜೆಯಲ್ಲಿದ್ದೇನೆ ಅಂತ ನಾನು ಕಡ್ಡಿ ಇಳಿಸಲಿಲ್ಲ. ನಿನ್ನ ಮುಖ ನೋಡಲು ನಾಚಿಕೆ, ಮನೆ ತುಂಬ ಜನ, ಕುರ್ಚಿ ಹಾಕುವುದೇ ಆಯಿತು. ಹತ್ತನೇ ದಿನ ಕಡ್ಡಿ ಇಳಿಸಿ ತೆಗೆದೆ. ಮರದ ಬಣ್ಣದಲ್ಲೇ ಬಂತು. ಒಂದು ಕೂದಲಿನಷ್ಟೂ ಬಿಳುಪಿರಲಿಲ್ಲ.

ಕರಗಿದ ಸ್ಟ್ರಾಗೂ ಒಳ್ಳೆಯ ಸ್ಟ್ರಾಗೂ ನೋಡಲು ವ್ಯತ್ಯಾಸವಿಲ್ಲ. ಸಸ್ಪೆಂಡ್ ಆಗುತ್ತೇನೆ ಅಂತ ಹೆದರಿ, ಮಂಗಳವಾರ ಡಿಪಾರ್ಟ್‌ಮೆಂಟಿನ ಗಾಡಿ ಬಂದಾಗ ಹೊಸ ನೈಟ್ರೋಜನ್ ತುಂಬಿಸಿಕೊಂಡು ಸುಮ್ಮನಾದೆ. ಸತ್ತ ಬೀಜವನ್ನು ಎರಡು ತಿಂಗಳು ದನಗಳಿಗೆ ಹಾಕಿದೆ. ಯಾವುದೂ ನಿಲ್ಲಲಿಲ್ಲ. ರೈತರು ಮೇವಿನ ತಪ್ಪು ಅಂದುಕೊಂಡರು, ಬಿಸಿಲಿನ ತಪ್ಪು ಅಂದುಕೊಂಡರು. ಚಿಕ್ಕಜಾಲದ ಗಂಗರತ್ನಮ್ಮನ ಹಸುವಿಗೆ ಮೂರು ಸಲ ಹಾಕಿದೆ. ಮೂರನೆಯದೂ ನಿಲ್ಲದೆ ಇದ್ದಾಗ ಅವರು ನನ್ನನ್ನೇ ನೋಡುತ್ತಾ ನಿಂತರು. ಇದು ಗೊಡ್ಡು ಬಿದ್ದಿದೆ ಅಕ್ಕ, ಮಾರಿಬಿಡಿ ಅಂದೆ. ಮಾರಿದರು.

ಭಾನುವಾರ ಚಿಕ್ಕಜಾಲಕ್ಕೆ ಹೋಗಿದ್ದೆ. ಅವರಿಗೆ ಎಪ್ಪತ್ತೆಂಟಾಗಿದೆ. ಮಗ ಮೂರು ಮಹಡಿ ಕಟ್ಟಿಸಿದ್ದಾನೆ, ಕೊಟ್ಟಿಗೆ ಇದ್ದ ಜಾಗದಲ್ಲಿ ಕಾರು ನಿಲ್ಲುತ್ತವೆ. ಅಲ್ಲೇ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಯಾರು, ಇಂಜೆಕ್ಸನ್ ಮುನೆಂಕ್ಟಯ್ಯನಾ? ಇನ್ನೂ ಇದೀಯಾ?"

"ಇದೀನಿ ಕಣಕ್ಕ."

"ಬಾ, ಕೂತ್ಕೊ. ನಮ್ಮನೇಲಿ ಈಗ ಇಂಜೆಕ್ಸನ್ ಆಕುಸ್ಕಳೋವು ಯಾವೂ ಇಲ್ಲ. ಮೂರು ಕಾರವೆ, ಅಷ್ಟೇಯ."

ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳನ್ನು ಮೊರಕ್ಕೆ ಹಾಕಿ, "ಲಾರಿ ಅತ್ತುಸ್ವಾಗ ಆ ಅಸೂಗೆ ನಾನೇನಂದೆ ಗೊತ್ತಾ? ಓಗು ಗೊಡ್ಡಿ, ತಿಂದಿದ್ ಮೇವೆಲ್ಲ ದಂಡ ಅಂದೆ. ಅದು ತಿರುಗಿ ನೋಡ್ತು" ಅಂದರು.

"ತಪ್ಪಾಯ್ತು ಕಣಕ್ಕ."

"ನಂಗ್ಯಾಕ್ ಯೋಳ್ತೀಯ? ಅದಕ್ಕೆ ಯೋಳ್ಬೇಕಾಗಿತ್ತು." ಮತ್ತೆ ಸ್ವಲ್ಪ ಸುಲಿದರು. "ಇಪ್ಪತ್ತು ವರ್ಸ ಸುಮ್ನಿದ್ದೋನು ಈಗ್ಯಾಕ್ ಬಂದೆ?"

"ಮಗಳು ಒಂದು ಮಾತು ಕೇಳಿದ್ಲು. ಸುಳ್ಳು ಹೇಳ್ಬಿಟ್ಟೆ."

"ಅಂಗಾದ್ರೆ ಇಲ್ಲೇನ್ ಕೆಲ್ಸ ನಿಂಗೆ? ಓಗಿ ಅವಳ್ಗೆ ಯೋಳು" ಅಂದರು.

ಬರುವಾಗ ಸುಲಿದ ಕಾಳನ್ನೇ ಒಂದು ಕವರಿಗೆ ತುಂಬಿ ಕೊಟ್ಟರು. ಬೇಡ ಅನ್ನಲಾಗಲಿಲ್ಲ, ತಿನ್ನಲೂ ಆಗಲಿಲ್ಲ.

ಇನ್ನೊಂದು ಮಾತು ಇದೆ. ಅದನ್ನು ಬರೆಯದಿದ್ದರೆ ಈ ಕಾಗದವೂ ಅರ್ಧ ಸುಳ್ಳಾಗುತ್ತದೆ. ನಂಬಿಕೆ ಬಾರದಿದ್ದರೆ ಹೆಸರು ತೆಗೆಸುತ್ತೇನೆ ಅಂದಿದ್ದೆಯಲ್ಲ. ನಿಜ ಹೇಳಿದರೆ ನೀನು ಇಲ್ಲೇ ಉಳಿಯುತ್ತೀಯ ಅಂತ ನನಗೆ ಆಗಲೇ ಹೊಳೆಯಿತು. ನೀನು ಉಳಿಯಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಅಂದರೆ, ಆ ಆಸೆಗೆ ಹೆದರಿ ಸುಳ್ಳು ಬರೆದೆ. ಈಗ ನಿಜ ಬರೆಯುತ್ತಿರುವುದೂ ಅದೇ ಆಸೆಯಿಂದಲೋ ಏನೋ, ಎಷ್ಟು ಹುಡುಕಿದರೂ ಬೇರೆ ಮಾಡಲು ಬರುತ್ತಿಲ್ಲ. ನೀನೇ ತೂಗಿ ನೋಡು.

ಕೆಟ್ಟದ್ದು ನಿನ್ನಿಂದ ಅಂತ ಒಂದು ಕ್ಷಣವೂ ಅಂದುಕೊಳ್ಳಬೇಡ. ಗುಡ್ಲಿನಲ್ಲಿದ್ದವಳು ನೀನು, ಹೊರಗಿದ್ದವನು ನಾನು.

ಅಪ್ಪ


ಚಿಕ್ಕಬಾಣಾವರ
6 ಜನವರಿ 2026

ಶಾಂತಲಾ,

ಹೋದ ಬುಧವಾರ ಗೇಟಿನಲ್ಲಿ ಕೇಳಿದೆ, ನಿನ್ನ ಕಾಗದ ಇರಲಿಲ್ಲ. ಉಳಿದ ಮೂವರದ್ದೂ ಬಂದಿದೆ ಅಂದರು. ಹುಷಾರಾಗಿದ್ದೀಯ ಅಂತ ಮಾತ್ರ ವಿಚಾರಿಸಿ ತಿಳಿದುಕೊಂಡೆ.

ಬರೆಯಲೇಬೇಕು ಅಂತೇನಿಲ್ಲ. ನಾಳೆಯೂ ಬಂದಿರುತ್ತೇನೆ.

ಅಪ್ಪ


ರಾಜಾನುಕುಂಟೆ
14 ಜನವರಿ 2026

ಅಪ್ಪಾ,

ಎರಡು ಬುಧವಾರ ಬರೆಯಲಿಲ್ಲ. ಮೊದಲನೆಯದು ಕೋಪದಿಂದ. ಎರಡನೆಯ ಬುಧವಾರದ ಹೊತ್ತಿಗೆ ಕೋಪ ಯಾರ ಮೇಲೆ ಅಂತ ತಿಳಿಯದೆ ಹೋಯಿತು. ನಿನ್ನ ಕಾಗದ ಬಂದ ದಿನ ಊಟ ಬಿಟ್ಟೆ. ಇಲ್ಲಿ ಊಟ ಬಿಟ್ಟರೂ ಅದನ್ನು ಒಂದು ಕಾಲಂನಲ್ಲಿ ಬರೆದುಕೊಳ್ಳುತ್ತಾರೆ. ಅಬ್ರಾರ್ ಏನೂ ಕೇಳದೆ ನನ್ನ ಪಾಲಿನ ಪಾತ್ರೆ ತೊಳೆದ.

ಆ ಹಸು ತಿರುಗಿ ನೋಡಿದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ಹೋದ ವಾರ ಸ್ಪೀಕರಿನಲ್ಲಿ ಡಾಕ್ಟರ್ ರಮಾ ಅವರನ್ನು ಕೇಳಿದೆ. ನನ್ನ ಅಂಡಗಳನ್ನು ಎಲ್ಲಿ ಇಡುತ್ತಾರೆ, ಮಟ್ಟ ಯಾರು ನೋಡುತ್ತಾರೆ, ದಿನಕ್ಕೆ ಎಷ್ಟು ಸಲ, ಅವರು ರಜೆ ಹಾಕಿದರೆ ಯಾರು, ಮುಚ್ಚಳ ಓರೆಯಾದರೆ ಯಾರಿಗೆ ತಿಳಿಯುತ್ತದೆ. "ಶಾಂತಲಾ, ಇದನ್ನ ನಾನೂ ಕೇಳಿಲ್ಲ. ಕೇಳ್ತೀನಿ" ಅಂದರು. ಮೊನ್ನೆ ಉತ್ತರ ಬಂತು. ಮಟ್ಟ ಇಳಿದರೆ ಯಂತ್ರ ಕೂಗುತ್ತದೆ, ಇಬ್ಬರ ಫೋನಿಗೆ ಹೋಗುತ್ತದೆ. ಆದರೆ ಎಲ್ಲವೂ ಒಂದೇ ಟ್ಯಾಂಕಿನಲ್ಲಿ. ಎರಡು ಭಾಗ ಮಾಡಿ ಎರಡು ಬೇರೆ ಬೇರೆ ಕಡೆ ಇಡಿ ಅಂದೆ. ಒಪ್ಪಿದ್ದಾರೆ. ನನ್ನೊಬ್ಬಳಿಗಲ್ಲ, ಇನ್ನು ಮುಂದೆ ನಮ್ಮಲ್ಲಿ ಎಲ್ಲರಿಗೂ ಹಾಗೆಯೇ. ಕಾನೂನಿನ ಪ್ರಕಾರ ಹತ್ತು ವರ್ಷ ಇಡಬಹುದು.

ಅದಾದ ಮೇಲೂ ಖಾತ್ರಿ ಇಲ್ಲ ಅಂತ ಅವರೇ ಹೇಳಿದರು. ಎರಡೂ ಕಡೆ ಉಳಿದರೂ ಮಗು ಆಗದೇ ಇರಬಹುದು.

ಹೆಸರು ತೆಗೆಸುವುದಿಲ್ಲ ಅಪ್ಪಾ. ಉಳಿಯಲಿ ಅನ್ನುವ ನಿನ್ನ ಆಸೆಯನ್ನೂ ತೂಗಿ ನೋಡಿದೆ. ಅದು ಭಾರವಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ನನಗೆ ಹೋಗಬೇಕು. ನೀನು ಸುಳ್ಳು ಹೇಳಿದಾಗಲೂ ಹೋಗಬೇಕು ಅನ್ನಿಸಿತ್ತು, ಈಗಲೂ ಅನ್ನಿಸುತ್ತಿದೆ. ಈಗ ಹೆದರಿಕೆ ಜೊತೆಗಿದೆ.

ಶುಕ್ರವಾರ ಹೊರಗೆ ಬರುತ್ತೇನೆ. ಎದುರಿಗೆ ನಿಂತು ಇದನ್ನು ಕೇಳಲಾರೆ, ಇಲ್ಲೇ ಬರೆಯುತ್ತೇನೆ. ಈ ತಿಂಗಳ ಕೊನೆಗೆ ಇಂಜೆಕ್ಷನ್ ಶುರು. ಹೊಟ್ಟೆಯ ಮೇಲೆ, ದಿನಾ ಸಂಜೆ ಒಂದೇ ಹೊತ್ತಿಗೆ. ಕ್ಲಿನಿಕ್ಕಿಗೆ ಓಡಾಡಬಹುದು, ಇಲ್ಲವೆ ಮನೆಯಲ್ಲಿ ಯಾರಾದರೂ ಹಾಕಬಹುದು. ನೀನು ಹಾಕುತ್ತೀಯಾ?

ಶಾಂತಲಾ


15 ಜನವರಿ 2026
ಸೆಂಟರಿನ ಗೇಟು

ಶಾಂತೂ,

ನಾಳೆಯವರೆಗೆ ಕಾಯಲಾಗದೆ ಈ ಚೀಟಿಯನ್ನು ಇಲ್ಲೇ ಬರೆದು ಕೊಡುತ್ತಿದ್ದೇನೆ. ಹೊರಗೆ ಬಂದ ಕೂಡಲೇ ಕೊಡುತ್ತಾರಂತೆ.

ಸೂಜಿ ಎಷ್ಟನೇ ನಂಬರಿನದು ಅಂತ ಡಾಕ್ಟರರನ್ನು ಕೇಳಿ ಇಟ್ಟುಕೋ. ದನಕ್ಕೆ ಹಾಕುವುದು ಹದಿನೆಂಟು. ಮನುಷ್ಯರ ಚರ್ಮಕ್ಕೆ ಕೈ ಪಳಗಿಸಿಕೊಳ್ಳಬೇಕು. ಕಿತ್ತಳೆ ಹಣ್ಣು ತಂದಿಟ್ಟಿದ್ದೇನೆ.

ಅಪ್ಪ


ಕೊಚ್ಚಿ
4 ಮಾರ್ಚ್ 2026

ಅಪ್ಪಾ,

ಇಲ್ಲಿ ಫೋನಿದೆ, ದಿನಾ ಮಾತಾಡುತ್ತೇವೆ, ಊಟ ಆಯ್ತಾ ಅಂತ ಕೇಳಿಕೊಳ್ಳುತ್ತೇವೆ. ಅದಕ್ಕೇ ಕಾಗದ. ಸಮುದ್ರದಲ್ಲಿ ಬಿದ್ದರೆ ಕ್ಯಾಪ್ಸೂಲಿನಿಂದ ಹೊರಗೆ ಬರುವುದು ಹೇಗೆ ಅಂತ ಕಲಿಸುತ್ತಿದ್ದಾರೆ. ಮೂಗಿನ ತುಂಬ ಉಪ್ಪು.

ಆ ಹನ್ನೊಂದು ಸಂಜೆ ನಾವಿಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಏಳು ಗಂಟೆಗೆ ನೀನು ಕನ್ನಡಕ ಹಾಕಿಕೊಂಡು, ಫ್ರಿಜ್ಜಿನಿಂದ ತೆಗೆದ ಮದ್ದನ್ನು ಅಂಗೈಯಲ್ಲಿ ಬಿಸಿ ಮಾಡಿ, ಗೋಡೆಯ ಕಡೆ ನೋಡುತ್ತಾ "ಉಸ್ರು ಬಿಡು" ಅನ್ನುತ್ತಿದ್ದೆ. ನಾನು ಬಿಡುತ್ತಿದ್ದೆ. ಅಷ್ಟೇ. ನಾಲ್ಕನೇ ದಿನ "ಹಸುವಾಗಿದ್ರೆ ಬೆನ್ನು ತಟ್ತಿದ್ದೆ" ಅಂದೆಯಲ್ಲ, ಆಗ ನಕ್ಕು ಅಲುಗಾಡಿ ಚುಚ್ಚಿಸಿಕೊಂಡದ್ದು ಒಂದೇ ನೋವು. ಉಳಿದ ಹತ್ತು ದಿನ ಸೂಜಿ ಹೋದದ್ದೇ ತಿಳಿಯಲಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರರು ಹೇಳಿದ್ದನ್ನೂ ಪೂರ್ತಿ ಹೇಳಿರಲಿಲ್ಲ. ಸಿಕ್ಕಿದ್ದು ಏಳು, ಬಲಿತದ್ದು ಐದು. ಇಷ್ಟರಿಂದ ಮುಂದೆ ಒಂದು ಮಗು ಆಗುವ ಸಾಧ್ಯತೆ ಮೂರರಲ್ಲಿ ಒಂದು ಪಾಲು ಅಂತ ಅಂದಾಜು. ಮೂರನ್ನು ಒಂದು ಕಡೆ, ಎರಡನ್ನು ಇನ್ನೊಂದು ಕಡೆ ಇಟ್ಟಿದ್ದಾರೆ. ಇನ್ನು ಹೊರಡುವವರೆಗೂ ಬಿಡುವಿಲ್ಲದ ಟ್ರೈನಿಂಗು, ಇನ್ನೊಂದು ಸಲ ತೆಗೆಸಲು ರಜೆ ಸಿಗುವುದಿಲ್ಲ. ಇಷ್ಟು ಇಟ್ಟುಕೊಂಡು ಹೋಗುತ್ತೇನೆ. ನಾಲ್ವರಲ್ಲಿ ಕೊನೆಗೆ ಮೇಲೆ ಹೋಗುವ ಇಬ್ಬರ ಪಟ್ಟಿ ನಿನ್ನೆ ಹೊರಬಿತ್ತು. ನಾನು ಮತ್ತು ಅಬ್ರಾರ್.

ಇದರ ಜೊತೆ ಒಂದು ಅರ್ಜಿ ಇದೆ. ಹತ್ತು ಕಾಲಂ ತುಂಬಿದ್ದೇನೆ. ಹನ್ನೊಂದನೆಯದು ನಾನು ವಾಪಸ್ ಬಾರದೇ ಹೋದರೆ ಆ ಐದನ್ನು ಏನು ಮಾಡಬೇಕು ಅನ್ನುವುದು. ನಾಶ ಮಾಡಿ, ಸಂಶೋಧನೆಗೆ ಕೊಡಿ, ಇತರೆ. ಮೂರರಲ್ಲಿ ಒಂದಕ್ಕೆ ಗುರುತು ಹಾಕಿ ಪಕ್ಕದಲ್ಲಿ ಕೈಯಲ್ಲೇ ಬರೆಯಬೇಕು. ಪೆನ್ನು ಹಿಡಿದು ಮೂರು ದಿನವಾಯಿತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಇದೆ, ಮನೆಯವರದ್ದಾದರೆ ಒಳ್ಳೆಯದು ಅಂದಿದ್ದಾರೆ.

ನೀನಾಗಿದ್ದರೆ ಏನು ಬರೆಯುತ್ತಿದ್ದೆ? ಈ ಸಲ ಧೈರ್ಯ ಹೇಳುವುದು ಬೇಡ.

ಶಾಂತಲಾ


ಚಿಕ್ಕಬಾಣಾವರ
10 ಮಾರ್ಚ್ 2026

ಶಾಂತೂ,

ಅರ್ಜಿ ಓದಿ ಮಡಿಸಿ ಟಿವಿಯ ಮೇಲೆ ಇಟ್ಟೆ. ಎರಡು ದಿನ ಅದು ಅಲ್ಲೇ ಇತ್ತು, ನಾನು ಟಿವಿ ಹಾಕಲಿಲ್ಲ.

ಕೇಳಿದ್ದೀಯ, ಹೇಳುತ್ತೇನೆ. ಮೊದಲು ಮನಸ್ಸಿಗೆ ಬಂದದ್ದು ಇತರೆ. ಅದರ ಮುಂದೆ ಏನು ಬರೆಯಬೇಕು ಅಂತಲೂ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮುದುಕನ ಆಸೆ. ನೀನಿಲ್ಲದೆ ನಿನ್ನದನ್ನು ಇಟ್ಟುಕೊಂಡು ನಾನೇನು ಮಾಡಲಿ.

ನಾನಾಗಿದ್ದರೆ ಸಂಶೋಧನೆಗೆ ಕೊಡಿ ಅಂತ ಬರೆಯುತ್ತಿದ್ದೆ. ಡಾಕ್ಟರರ ಹತ್ತಿರ ಪುಟಗಳು ಕಮ್ಮಿ ಅಂದಿದ್ದೆಯಲ್ಲ. ಐದರಿಂದ ಅರ್ಧ ಪುಟವಾದರೂ ತುಂಬಬಹುದು. ನಿನ್ನ ಆಮೇಲೆ ಹೋಗುವ ಹುಡುಗಿ ದನದ ಕೆಲಸ ಮಾಡಿದ ಅಪ್ಪನನ್ನು ಕೇಳಿ, ಅವನ ಸುಳ್ಳು ನಂಬಿ, ಆಮೇಲೆ ಊಟ ಬಿಟ್ಟು ಕೂರುವುದು ಬೇಡ. ಅವಳು ಪುಸ್ತಕ ತೆಗೆದು ನೋಡಿಕೊಳ್ಳಲಿ.

ಆದರೆ ಅದು ನನ್ನ ಮಾತು. ಬರೆಯುವವಳು ನೀನು. ಬೇಡ ಅನ್ನುವುದಾದರೆ ನಾನೇ ಅನ್ನಬೇಕು ಅಂತ ಮೊದಲೇ ತಿಳಿಸಿದ್ದೀಯ, ನಾನು ಮರೆತಿಲ್ಲ.

ಅರ್ಜಿಯನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಹನ್ನೊಂದನೇ ಕಾಲಂ ಖಾಲಿಯೇ ಇದೆ, ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ. ಮೇಲೆ ಖಾಲಿ ಇರುವ ಕಾಗದಕ್ಕೆ ಸಹಿ ಹಾಕಬೇಡ ಅಂತ ಡಿಪಾರ್ಟ್‌ಮೆಂಟಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ಹಾಕಿರಲಿಲ್ಲ. ಸಾಕ್ಷಿ ಅಂದರೆ ಬರೆಯುವಾಗ ಎದುರಿಗೆ ಇದ್ದವನು ಅಂತ. ನೀನು ಅಲ್ಲಿ ಏನು ಬರೆದರೂ ನಾನು ಎದುರಿಗೇ ಇದ್ದೇನೆ, ಗೋಡೆಯ ಕಡೆ ನೋಡುತ್ತಿಲ್ಲ.

ನಿನ್ನ ಅಪ್ಪ
ಮುನಿವೆಂಕಟಯ್ಯ